ಕಟ್ಟೆಯ ಮೇಲೆ ಓದಿದ ಹುಕುಂ

೧೯೯೮ರ ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೈದು ನಿಮಿಷ. ಸ್ಥಳ, ತಾಲ್ಲೂಕು ಕೋರ್ಟಿನ ಹಿಂಭಾಗದ ನಾಜರ್ ಶಾಖೆ. ಹಾಜರಿದ್ದವರು: ನಾಜರ್ ಗುರುಸಿದ್ದಯ್ಯನವರು, ಅಮೀನನಾದ ನಾನು, ಬಾಗಿಲ ಹೊರಗಿನ ಬೆಂಚಿನ ಮೇಲೆ ವಾದಿ ಕೊಟ್ರಮ್ಮನವರು, ಅವರ ಪಕ್ಕದಲ್ಲಿ ಬೀಗ ರಿಪೇರಿಯ ಖಾಜಾ ಸಾಬರು, ಸಾಮಾನಿನ ಚೀಲದ ಸಮೇತ.

ಹೀಗೆ ಶುರುಮಾಡುವುದು ನನ್ನ ಕೈಯ ಅಭ್ಯಾಸ. ಅಮೀನ ಎಂದರೆ ಕೋರ್ಟು ಬರೆದದ್ದನ್ನು ಊರಿಗೆ ಹೊತ್ತುಕೊಂಡು ಹೋಗಿ ನಡೆಸಿಕೊಟ್ಟು ಬರುವವನು. ಸಮನ್ಸು ಕೊಡುತ್ತಾನೆ, ನೋಟೀಸು ಅಂಟಿಸುತ್ತಾನೆ, ಮನೆ ಹೊಲಗಳ ಸ್ವಾಧೀನ ಕೊಡಿಸುತ್ತಾನೆ. ಆಮೇಲೆ ಎಷ್ಟು ಹೊತ್ತಿಗೆ, ಯಾರ ಎದುರಿಗೆ, ಏನಾಯಿತು ಎಂದು ವರದಿ ಬರೆಯುತ್ತಾನೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ಸುತ್ತಿ ನಾನು ಮಾಡಿದ್ದು ಇಷ್ಟೇ. ಈಗ ಈ ಕೆಲಸಕ್ಕೆ ಸೇರುವವರು ಮೊದಲು ಕೇಳುವುದು ಬಡ್ತಿಯ ವಿಷಯ. ಬಡ್ತಿ ತಾನಾಗಿ ಬರುತ್ತದೆ, ತಡವಾಗಿ ಬರುತ್ತದೆ, ಅದು ಬರುವ ಹೊತ್ತಿಗೆ ಬೆನ್ನುನೋವೂ ಬಂದಿರುತ್ತದೆ. ಅದನ್ನು ಬಿಟ್ಟು ಕೆಲಸದ ಮಾತು ಬರೆಯುತ್ತೇನೆ.

ನಾಜರ್ ನಮ್ಮ ಮೇಲಿನವರು; ಯಾವ ಕಾಗದ ಯಾರ ಕೈಗೆ ಎಂದು ಹಂಚುವವರು. ಗುರುಸಿದ್ದಯ್ಯನವರ ಕೈಗಡಿಯಾರ ಕೋರ್ಟಿನ ಗಡಿಯಾರಕ್ಕಿಂತ ಐದು ನಿಮಿಷ ಮುಂದಿರುತ್ತಿತ್ತು. ಕೋರ್ಟಿನ ಗಡಿಯಾರವೇ ಹಿಂದಿದೆ ಎಂಬುದು ಅವರ ನಿಲುವು. ಕಾಗದ ಕೊಡುವ ಮುನ್ನ ಅವರು ದಿನವೂ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಂದೇ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

"ಯಾರ ಹುಕುಂ?"

"ಕೋರ್ಟಿಂದ್ರಿ."

"ನಿಂದೇನೈತಿ ಅದ್ರಾಗ?"

"ಎರಡು ಕಾಲು, ಒಂದು ಸೈಕಲ್ ರೀ."

"ಹುಕುಂ ಕಾಗದದಾಗ ಇರ್ತೈತಿ, ದೌಲತ್ತು ಮೀಸ್ಯಾಗ ಇರ್ತೈತಿ. ಊರಿಗೆ ಹೋಗಾಗ ಮೀಸಿ ಇಲ್ಲೇ ಬಿಟ್ಟು ಹೋಗ್ರಿ."

ಮೀಸೆಯೇ ಇಲ್ಲದವರಿಗೂ ಈ ಎಚ್ಚರಿಕೆ ತಪ್ಪುತ್ತಿರಲಿಲ್ಲ.

ಹುಕುಂ ದೊಡ್ಡವರ ಮಾತು. ಆಳುವವನು ಒಮ್ಮೆ ಬಾಯಿಬಿಟ್ಟು ಹೇಳಿದ್ದು, ಕೇಳಿದವನು ಎದುರಾಡುವಂತಿಲ್ಲದ್ದು. ಆಳುವವರು ಹೋದರು, ಮಾತು ಮಾತ್ರ ನಮ್ಮ ಕಡೆ ಉಳಿದು ಕಂಡಕಂಡ ಕೆಲಸಕ್ಕೆ ಕೂಲಿ ಹೋಗತೊಡಗಿತು. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಹುಕುಂ ಮಾಡುತ್ತಾನೆ, ಮನೆಯಲ್ಲಿ ಅತ್ತೆಯ ಹುಕುಂ ನಡೆಯುತ್ತದೆ. ಸರ್ಕಾರಿ ಜಮೀನನ್ನು ಕೇಳದೆ ಉತ್ತುಕೊಂಡವನ ಹೊಲಕ್ಕೆ ಬಗರ್ ಹುಕುಂ ಎಂದು ಹೆಸರು. ಅಪ್ಪಣೆಯಿಲ್ಲದೆ ಉತ್ತ ಹೊಲವೂ ಅಪ್ಪಣೆಯನ್ನು ಹೆಸರಿನಲ್ಲಿ ಇಟ್ಟುಕೊಂಡಿದೆ. ಈ ಮಾತು ಯಾರ ಬಾಯಲ್ಲಿದೆ ಎಂದು ನೋಡಿದರೆ ಆ ಊರಿನ ಅರ್ಧ ಸಂಗತಿ ತಿಳಿಯುತ್ತದೆ ಎಂಬುದನ್ನು ನಾನು ಕಲಿತದ್ದು ಆ ಮಂಗಳವಾರ.

ಅದಕ್ಕೂ ಮೊದಲು ಕಲಿತದ್ದು ಬೇರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೋಗಳಿಯಲ್ಲಿ ಒಬ್ಬರ ಬಾಗಿಲಿಗೆ ನೋಟೀಸು ಅಂಟಿಸಿದೆ. ಜೋಳದ ಹಿಟ್ಟು ಕುದಿಸಿ ಅಂಟು ಮಾಡಿಕೊಳ್ಳುತ್ತಿದ್ದ ಕಾಲ. ಪಂಚರ ಸಹಿ ಹಾಕಿಸಿ ತಿರುಗಿ ನೋಡುವಷ್ಟರಲ್ಲಿ ಒಂದು ಆಡು ಹಿಂಗಾಲ ಮೇಲೆ ನಿಂತು ನೋಟೀಸನ್ನು ಮೊಹರಿನ ಸಮೇತ ತಿಂದು ಮುಗಿಸಿತ್ತು. ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆಂಬ ನಿಯಮವಿತ್ತು, ಬರೆದೆ. ಗುರುಸಿದ್ದಯ್ಯನವರು ಓದಿ, ಕನ್ನಡಕ ತೆಗೆದು, "ಆಡಿಗೆ ಜಾರಿ ಆತು. ಇನ್ನ ಪ್ರತಿವಾದಿಗೆ ಜಾರಿ ಮಾಡ್ಕೊಂಡು ಬಾ" ಎಂದರು. ಅಂದಿನಿಂದ ನಿವೃತ್ತಿಯ ದಿನದವರೆಗೂ ನನ್ನ ಅಂಟಿನಲ್ಲಿ ಬೇವಿನ ಸೊಪ್ಪಿನ ರಸ ಇರುತ್ತಿತ್ತು. ಈಗಿನವರಿಗೆ ಟ್ಯೂಬಿನ ಅಂಟು ಸಿಗುತ್ತದೆ. ಆಡುಗಳು ಬದಲಾಗಿಲ್ಲ.

ಮಂಗಳವಾರದ ಕೆಲಸಕ್ಕೆ ಬರುತ್ತೇನೆ.

ಕೊಟ್ರಮ್ಮನವರು ಬಾಲವಾಡಿ ಟೀಚರ್ ಆಗಿದ್ದವರು, ಅರವತ್ತು ದಾಟಿದವರು. ಹಿರೇಹಡಗಲಿಯಿಂದ ಒಳಕ್ಕೆ ಮೂರು ಮೈಲಿ ನಡೆದರೆ ಸಿಗುವ ಊರು ಅವರ ತವರು. ಹೆಸರು ಬೇಡ. ಅಪ್ಪ ಸಾಯುವ ಮುನ್ನ ಉಯಿಲು ಬರೆದು ದೊಡ್ಡ ಮನೆಯ ಪೂರ್ವದ ಎರಡು ಅಂಕಣವನ್ನು ಬೀದಿಬಾಗಿಲ ಸಮೇತ ಮಗಳಿಗೆ ಬಿಟ್ಟಿದ್ದರು. ತಮ್ಮ ಸಿದ್ದಪ್ಪ ಆ ಬಾಗಿಲಿಗೆ ಬೀಗ ಹಾಕಿದರು. ದಾವೆ ಒಂಬತ್ತು ವರ್ಷ ನಡೆದು ಅಕ್ಕನ ಪರ ಡಿಕ್ರಿ ಆಯಿತು. ಸ್ವಾಧೀನ ಕೊಡಿಸಲು ವಾರಂಟು ಹೊರಟಿತ್ತು. ಅದರ ಕೊನೆಯ ದಿನ ಅದೇ ಮಂಗಳವಾರ.

"ನಾಳೆ ಮೇಲಿನ ಕೋರ್ಟಿನ್ಯಾಗ ತಮ್ಮನ ತಡೆ ಅರ್ಜಿ ಬರ್ತೈತಿ" ಎಂದರು ಗುರುಸಿದ್ದಯ್ಯನವರು. "ಇವತ್ತು ಕೊಡಿಸಿದ್ರ ಕೊಡಿಸಿದಂಗ. ಇಲ್ಲಾಂದ್ರ ಈ ಅಮ್ಮ ಮತ್ತ ಮೊದಲಿನಿಂದ ಹತ್ತಬೇಕು. ಹೊತ್ತು ಮುಳುಗಿದ ಮ್ಯಾಲೆ ವಾಸದ ಮನಿ ಒಳಗ ಕಾಲಿಡಾಂಗಿಲ್ಲ, ಗೊತ್ತೈತಲ್ಲ? ಮೊದಲು ವಾರಂಟು ಓದಿಸು, ಡಂಗುರ ಹೊಡಸು, ಆಮ್ಯಾಲೆ ಬೀಗ. ಕ್ರಮ ತಪ್ಪಿದ್ರ ನಾಳೆ ಅವರ ವಕೀಲ ಕುಣೀತಾನ."

ಹಿರೇಹಡಗಲಿಯಲ್ಲಿ ಬಸ್ಸಿಳಿದಾಗ ಹನ್ನೆರಡೂ ಹತ್ತು. ಮೂವರೂ ನಡೆದೆವು. ಹಿರೇಹಡಗಲಿ ದಾಟುವಲ್ಲಿನ ಬೇವಿನ ಮರದ ಕೆಳಗೆ, ನನ್ನ ಪದ್ಧತಿಯಂತೆ, ಚೀಲದಿಂದ ಕೆಂಪು ಪಟ್ಟಿ ತೆಗೆದೆ. ಎದೆಗೆ ಅಡ್ಡಲಾಗಿ ಹಾಕುವ ಈ ಪಟ್ಟಿಯ ನಡುವೆ ಹಿತ್ತಾಳೆಯ ಬಿಲ್ಲೆ ಇರುತ್ತದೆ, ಅದರ ಮೇಲೆ ಕೋರ್ಟಿನ ಹೆಸರು. ಸೋಮವಾರ ಸಂಜೆ ಏಳಕ್ಕೆ ಬಿಲ್ಲೆಯನ್ನು ಬಿಚ್ಚಿ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ ಉಜ್ಜಿ ಬಚ್ಚಲ ಗೋಡೆಯ ಮೇಲೆ ಒಣಗಿಸುವುದು ನನ್ನ ವ್ರತ. ಹಿಂದಿನ ಸಂಜೆಯೂ ಅದನ್ನು ತಪ್ಪದೆ ಮಾಡಿದ್ದೆ. ಒಣಗಿದ್ದನ್ನು ಎತ್ತಿಕೊಳ್ಳುವುದನ್ನು ಬಿಟ್ಟು ಉಳಿದೆಲ್ಲ ಮಾಡಿದ್ದೆ.

ಖಾಜಾ ಸಾಬರು ಪಟ್ಟಿಯನ್ನು ನೋಡಿದರು. "ಸಾಹೇಬ್ರ, ಆಕಾಶ ಐತಿ, ಸೂರ್ಯ ಇಲ್ಲಲ್ರಿ."

ನಾನು ಚೀಲವನ್ನು ತಳದವರೆಗೆ ತಡಕಿದೆ.

"ಹಿಂದಕ ಹೋಗಿ ತರಬೇಕೇನು?" ಎಂದು ಕೊಟ್ರಮ್ಮನವರು ಕೇಳಿದರು.

"ಹೋಗಿ ಬರೂದ್ರಾಗ ಹೊತ್ತು ಮುಳುಗ್ತೈತ್ರಿ."

"ಹಂಗಾರ ನಡ್ರಿ. ನಾ ಒಂಬತ್ತು ವರ್ಷ ಕಾದದ್ದು ಬಿಲ್ಲಿಗೆ ಅಲ್ಲ."

ಕಾನೂನಿನಲ್ಲಿ ಬಿಲ್ಲೆಗೆ ಬೆಲೆಯಿಲ್ಲ. ವಾರಂಟು ಇದ್ದರೆ ಸಾಕು. ಹಳ್ಳಿಯಲ್ಲಿ ವಾರಂಟಿಗೆ ಬೆಲೆಯಿಲ್ಲ, ಬಿಲ್ಲೆ ಹೊಳೆಯಬೇಕು. ಈ ಎರಡರ ನಡುವಿನ ಮೂರು ಮೈಲಿಯನ್ನು ನಾನು ಬಹಳ ನಿಧಾನವಾಗಿ ನಡೆದೆ.

ದೊಡ್ಡ ಮನೆಯ ಮುಂದೆ ಎದೆಯೆತ್ತರದ ಕಲ್ಲುಕಟ್ಟೆ. ಸಿದ್ದಪ್ಪನವರ ಮುತ್ತಾತ ಯಾವುದೋ ಪಾಳೇಗಾರರ ಕಡೆಯಿಂದ ಆ ಕಟ್ಟೆಯ ಮೇಲೆ ಕೂತು ಊರಿಗೆ ಹುಕುಂ ಹೊರಡಿಸುತ್ತಿದ್ದರಂತೆ. ಪಾಳೇಗಾರರು ಹೋಗಿ ಎಷ್ಟೋ ತಲೆಮಾರು. ಕಟ್ಟೆ ಉಳಿದಿತ್ತು, ಹುಕುಮ್ಮೂ ಉಳಿದಿತ್ತು. ಹಿಟ್ಟಿನ ಗಿರಣಿ ಎಷ್ಟು ಹೊತ್ತಿಗೆ ತೆಗೆಯಬೇಕು, ಕೆರೆಯ ಯಾವ ಮಗ್ಗುಲಲ್ಲಿ ಎಮ್ಮೆ ತೊಳೆಯಬೇಕು ಎಂಬುದನ್ನು ಸಿದ್ದಪ್ಪನವರು ರುಮಾಲು ಸುತ್ತಿ, ಕಟ್ಟೆಯ ಮೇಲೆ ನಿಂತು, ಚೀಟಿ ಓದಿ ಸಾರುತ್ತಿದ್ದರು. ಓದಿ ಮುಗಿದೊಡನೆ ಊರಿನ ಡಂಗುರದವನಾದ ದುರುಗಪ್ಪ ಹಲಗೆ ಬಾರಿಸಬೇಕು. ಜನ ಅವರನ್ನು ದೊರೆ ಎಂದೇ ಕರೆಯುತ್ತಿದ್ದರು. ಎಮ್ಮೆಗಳನ್ನು ಮಾತ್ರ ತಮಗೆ ಬೇಕಾದ ಮಗ್ಗುಲಲ್ಲಿ ತೊಳೆಯುತ್ತಿದ್ದರು.

ಡಂಗುರಕ್ಕೆ ದುರುಗಪ್ಪನೇ ಆಗಬೇಕು. ನನ್ನಷ್ಟೇ ವಯಸ್ಸಿನವನು. ಹಲಗೆಯನ್ನು ಬಿಸಿಲಿಗೆ ಕಾಯಿಸುತ್ತ ಕೂತಿದ್ದ. ವಾರಂಟು ತೋರಿಸಿದೆ.

"ಸ್ವಾಮಿ, ಕಟ್ಟಿ ಮ್ಯಾಲಿಂದ ಓದಿದ್ ಮ್ಯಾಲ ನಾ ಬಡಿಯೂದು. ನೆಲದ ಮ್ಯಾಲ ನಿಂತು ಓದಿದ್ದಕ್ಕ ನಮ್ಮಪ್ಪನೂ ಬಡದಿಲ್ಲ."

"ನಾನೇ ಕಟ್ಟಿ ಹತ್ತಿ ಓದ್ತೀನಿ."

"ಆ ಮನಿಯವರು ಬಿಟ್ಟು ಬ್ಯಾರೇದವರು ಹತ್ತಾಂಗಿಲ್ರಿ. ನೀವು ಸಂಜೀ ಬಸ್ಸಿಗೆ ಹೋಗೋರು. ನಾ ಇಲ್ಲೇ ಇರಾಂವ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಬೇರೆ ಯಾರೂ ಆ ಊರಿನಲ್ಲಿ ಹಲಗೆ ಮುಟ್ಟುವವರಿರಲಿಲ್ಲ.

ಸಿದ್ದಪ್ಪನವರು ಊಟ, ನಿದ್ರೆ ಮುಗಿಸಿ ಹೊರಬಂದಾಗ ಮೂರೂವರೆ. ಅಷ್ಟರಲ್ಲಿ ಊರಿನ ನಲವತ್ತು ಜನ ಕಟ್ಟೆಯ ಮುಂದೆ ಸೇರಿದ್ದರು. ಸಿದ್ದಪ್ಪನವರು ಅಕ್ಕನನ್ನು ನೋಡದೆ ನನ್ನನ್ನೇ ಮೇಲಿನಿಂದ ಕೆಳಗೆ ನೋಡಿದರು.

"ಯಾರ್ರೀ ನೀವು?"

"ಕೋರ್ಟಿನ ಅಮೀನ್ರಿ."

"ಬಿಲ್ಲಿ?"

"ಬಿಲ್ಲಿ ಮನ್ಯಾಗ ಐತ್ರಿ. ವಾರಂಟು ಕೈಯಾಗ ಐತಿ."

"ಹಂಗಾರ ಅಮೀನರೂ ಮನ್ಯಾಗ ಅದಾರ. ಇಲ್ಲಿ ಬಂದಾಂವ ಯಾರೋ ಪಟ್ಟಿ ಮಾರಾಂವ."

ಜನ ನಕ್ಕರು. ಒಳ್ಳೆಯ ಮಾತೇ ಅದು. ನನಗೂ ನಗು ಬಂತು, ಅದುಮಿಕೊಂಡೆ. ಪೊಲೀಸರನ್ನು ಕರೆಯೋಣವೆಂದರೆ ಅದಕ್ಕೆ ಕೋರ್ಟಿನ ಬೇರೆ ಅಪ್ಪಣೆ ಬೇಕು, ವಾರವಾದರೂ ಆಗುತ್ತದೆ. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಆಗ ನಾನೊಂದು ಬುದ್ಧಿವಂತಿಕೆ ಮಾಡಲು ಹೋದೆ. ಕೊಟ್ರಮ್ಮನವರನ್ನು ಪಕ್ಕಕ್ಕೆ ಕರೆದು ಹೇಳಿದೆ: "ಅಮ್ಮಾ, ನಿಮ್ಮ ತಮ್ಮಗ ಬೇಕಾದ್ದು ಒಂದು ಮಾತು. ದೊರಿ, ಅಪ್ಪಣಿ ಕೊಡ್ರಿ ಅಂತ ಒಂದ್ಸಲ ಅಂದ್ಬಿಡ್ರಿ. ಹಿಗ್ಗಿ ತಾನೇ ಬೀಗ ತಗೀತಾನ. ನಮಗ ಕೆಲಸ ಆದ್ರ ಸಾಕು."

ಆಕೆ ನನ್ನನ್ನು ಮಗ್ಗಿ ತಪ್ಪಿದ ಹುಡುಗನನ್ನು ನೋಡುವಂತೆ ನೋಡಿದರು.

"ಅಮೀನ್ರ, ಆ ಮಾತು ಅಂದಿದ್ರ ಒಂಬತ್ತು ವರ್ಷದ ಹಿಂದ ಆ ಬಾಗಲಾ ತಗೀತಿತ್ತು. ಮೊದಲನೇ ದಿನಾನ ಅವ ಹೇಳಿದ್ದ, ಕೇಳಿ ಇರು, ಇರಬ್ಯಾಡ ಅಂದೋರ್ಯಾರು ಅಂತ. ಕೇಳಿ ಇದ್ರ ಅದು ಅವ ಕೊಟ್ಟದ್ದಾಗ್ತೈತಿ. ನಾಳೆ ಅವನ ಮಗ ಹೋಗು ಅಂದ್ರ ಹೋಗಬೇಕು. ಅದು ನಮ್ಮಪ್ಪ ನನಗ ಬರದದ್ದು. ನನಗ ಅವನ ಹುಕುಂ ಬ್ಯಾಡ. ಇಲ್ಲಾಂದ್ರ ಬೀಗ ಹಂಗ ಇರ್ಲಿ."

ಹನ್ನೊಂದು ವರ್ಷದಿಂದ ಪ್ರತಿದಿನ ಬೆಳಿಗ್ಗೆ "ಯಾರ ಹುಕುಂ" ಎಂಬ ಪಾಠ ಒಪ್ಪಿಸುತ್ತಿದ್ದವನು ನಾನು. ಅದರ ಅರ್ಥ ಹೇಳಿಕೊಟ್ಟವರು ಬಾಲವಾಡಿ ಟೀಚರ್. ತಪ್ಪಾಯಿತು ಎಂದೆ.

ಆಮೇಲೆ ನಡೆದದ್ದಕ್ಕೆ ನನ್ನ ಜಾಣತನ ಕಾರಣವಲ್ಲ. ಸಿದ್ದಪ್ಪನವರಿಗೆ ನನ್ನನ್ನು ಇನ್ನಷ್ಟು ಇಳಿಸಬೇಕು ಎನ್ನಿಸಿತು.

"ಕೊಡ್ರಿ ಇಲ್ಲಿ ಆ ಕಾಗದ. ಖೊಟ್ಟಿ ಐತೋ ಖರೆ ಐತೋ ನಾನ ಓದಿ ಹೇಳ್ತೀನಿ."

ಕೇಳಿದವರಿಗೆ ವಾರಂಟು ತೋರಿಸಬೇಕೆಂಬುದು ನಿಯಮ. ಕೊಟ್ಟೆ. ಅವರು ಕಟ್ಟೆ ಹತ್ತಿದರು. ಹತ್ತಿದ ಮೇಲೆ ಬರಿದಲೆಯಲ್ಲಿ ಓದಿದರೆ ಚೆಂದವಲ್ಲವೆಂದು ಇಳಿದು ಒಳಗೆ ಹೋದರು, ರುಮಾಲು ಸುತ್ತಿಕೊಂಡು ಬಂದರು. ಆಮೇಲೆ ಕನ್ನಡಕಕ್ಕೆ ಹೋದರು. ನಾಲ್ಕೂ ನಲವತ್ತು. ನಾನು ಬಿಸಿಲನ್ನು ನೋಡುತ್ತಿದ್ದೆ, ಖಾಜಾ ಸಾಬರು ನನ್ನನ್ನು ನೋಡುತ್ತಿದ್ದರು.

ಮೊದಲ ಸಾಲನ್ನು ಅವರು ತಪ್ಪು ಹುಡುಕುವ ದನಿಯಲ್ಲೇ ಶುರುಮಾಡಿದರು. ಆದರೆ ಆ ಮನುಷ್ಯನಿಗೆ ಕಟ್ಟೆಯ ಮೇಲೆ ನಿಂತು ಓದಲು ಬರುತ್ತಿದ್ದುದು ಒಂದೇ ದನಿ. ಎರಡನೆಯ ಸಾಲಿಗೆ ಎದೆ ಮುಂದೆ ಬಂತು, ಮೂರನೆಯದಕ್ಕೆ ಬಲಗೈ ಮೇಲೆ ಹೋಯಿತು. "ಸದರಿ ಮನೆಯ ಪೂರ್ವ ದಿಕ್ಕಿನ ಎರಡು ಅಂಕಣ, ಬೀದಿಬಾಗಿಲು ಸಮೇತ, ವಾದಿ ಕೊಟ್ರಮ್ಮ ಇವರಿಗೆ, ಖಾಲಿ ಸ್ವಾಧೀನ, ಕೊಡಿಸತಕ್ಕದ್ದು." ಕಂಚಿನ ಗಂಟಲು. ಅಂಥ ಓದನ್ನು ನಾನು ಯಾವ ಕೋರ್ಟಿನಲ್ಲೂ ಕೇಳಿಲ್ಲ. ಚಕ್ಕುಬಂದಿಯ ನಾಲ್ಕು ದಿಕ್ಕಿನ ಎಲ್ಲೆ ಓದುವ ಹೊತ್ತಿಗೆ ನನಗೆ ಏನು ನಡೆಯುತ್ತಿದೆ ಎಂಬುದು ಹೊಳೆಯಿತು. ಬಾಯಿ ಮುಚ್ಚಿಕೊಂಡು ನಿಂತೆ. ಹೊಸಬರು ಇದನ್ನು ಗುರುತು ಹಾಕಿಕೊಳ್ಳಬೇಕು: ನಮ್ಮ ವೃತ್ತಿಯಲ್ಲಿ ಅರ್ಧ ಕೆಲಸ ಸುಮ್ಮನಿರುವುದು.

ಓದು ಮುಗಿಯಿತು. ಹಲಗೆಗೆ ಮೂರು ಏಟು ಬಿತ್ತು.

ಸಿದ್ದಪ್ಪನವರು ಬೆಚ್ಚಿ ತಿರುಗಿದರು. "ಲೇ ದುರುಗ್ಯಾ, ಯಾರ್ ಹೇಳಿದ್ರಲೇ ಬಡಿ ಅಂತ?"

"ನೀವು ಓದಿದ್ರಿ ದೊರಿ, ನಾ ಬಡದೆ" ಎಂದ ದುರುಗಪ್ಪ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಮ್ಮಪ್ಪನ ಕಾಲದಿಂದ ಹಂಗ ಅಲ್ರಿ?"

ಅದು ರೂಢಿಯೋ ಹುನ್ನಾರವೋ ಎಂದು ನಾನು ಅವನನ್ನು ಎಂದೂ ಕೇಳಲಿಲ್ಲ. ವರದಿಗೆ ಬೇಕಿರಲಿಲ್ಲ.

ಕೊಟ್ರಮ್ಮನವರು ಶಾಲೆಯ ದನಿಯಲ್ಲಿ ಹೇಳಿದರು: "ತಮ್ಮಾ, ಹಿಂದ ಕುಂತವರಿಗೆ ಕೇಳಿಲ್ಲಂತ. ಇನ್ನೊಮ್ಮೆ ಓದು."

"ಹೌದ್ರೀ ದೊರಿ, ನಮಗ ಬರೇ ಕಡೀಗಿಂದು ಕೇಳ್ತು" ಎಂದು ಹಿಂದಿನಿಂದ ಯಾರೋ ಸೇರಿಸಿದರು.

ಸಿದ್ದಪ್ಪನವರು ಅಕ್ಕನನ್ನು ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು, ಆಮೇಲೆ ಜನರನ್ನು ನೋಡಿದರು. ಗಿರಣಿಯ ಚೀಟಿ ಓದುವಾಗ ನಾಲ್ಕು ಜನ ನಿಂತರೆ ಹೆಚ್ಚು. ಈಗ ಇಡೀ ಬೀದಿ ಕಿವಿ ಕೊಟ್ಟಿತ್ತು. ಸಿಟ್ಟಿಗೂ ಗಂಟಲಿಗೂ ಒಳಗೆ ಏನೋ ಜಗಳ ನಡೆದಿರಬೇಕು. ಗಂಟಲು ಗೆದ್ದಿತು. ಮೊದಲಿನಿಂದ ಓದಿದರು, ಇನ್ನೂ ಜೋರಾಗಿ. ಕೊಟ್ರಮ್ಮನವರ ಹೆಸರು ಬಂದಾಗ ಸ್ವಲ್ಪ ತಡೆದು, ಆಮೇಲೆ ಪೂರಾ ಉಚ್ಚರಿಸಿದರು. ದುರುಗಪ್ಪ ಮತ್ತೆ ಮೂರು ಏಟು ಹಾಕಿದ.

ಖಾಜಾ ಸಾಬರು ಚೀಲ ಎತ್ತಿಕೊಂಡರು. "ಕೀಲಿಕೈ ಕೊಡ್ತೀರೋ ದೊರಿ, ನಾ ತಂದದ್ದ ಹಚ್ಚಲೋ?"

"ನಾ ಕೊಡಾಂಗಿಲ್ಲ" ಎಂದು ಅವರು ಕಟ್ಟೆ ಇಳಿದು ಒಳಗೆ ಹೋಗಿ ತಮ್ಮ ಬಾಗಿಲು ಹಾಕಿಕೊಂಡರು.

ಪೂರ್ವದ ಬಾಗಿಲಿನ ಬೀಗ ಅಂಗೈಯಗಲದ ಹಳೆಯ ಹಿತ್ತಾಳೆಯದು. ಖಾಜಾ ಸಾಬರು ಮೊದಲು ಸಣ್ಣ ಕಡ್ಡಿ ಹಾಕಿದರು, ಆಮೇಲೆ ದೊಡ್ಡದು, ಆಮೇಲೆ ಎಣ್ಣೆ. ಅದು ಬಗ್ಗಲಿಲ್ಲ. "ಇದು ಯಾರ ಹುಕುಮ್ಮಿಗೂ ಜಗ್ಗೂ ಪೈಕಿ ಅಲ್ರಿ. ಹಳೇ ಕಾಲದ್ದು, ಮಾನಸ್ಥ ಬೀಗ" ಎಂದರು. ಐದೂ ಇಪ್ಪತ್ತೈದಾಯಿತು. ಬೀದಿಯ ನೆರಳು ಎದುರು ಮನೆಯ ಗೋಡೆ ಹತ್ತಿತ್ತು. ಕೊನೆಗೆ ಗರಗಸ ತೆಗೆದು ಕೊಂಡಿಗೆ ಹಚ್ಚಿದರು. ಹಿತ್ತಾಳೆ ಕೊಯ್ಯುವ ಸದ್ದು ಹಲ್ಲಿಗೆ ನಾಟುವಂಥದ್ದು. ಕೊಟ್ರಮ್ಮನವರು ಮುಖ ತಿರುಗಿಸಿಕೊಂಡರು.

ಹತ್ತು ಎಳೆತ ಆಗಿರಬಹುದು. ಸಿದ್ದಪ್ಪನವರ ಬಾಗಿಲು ತೆರೆಯಿತು. ರುಮಾಲು ಇರಲಿಲ್ಲ. ಕೈಯಲ್ಲಿ ಗೇಣುದ್ದದ ಕೀಲಿಕೈ ಇತ್ತು.

"ಕೊಯ್ಬ್ಯಾಡ್ರಿ. ಅಪ್ಪನ ಬೀಗ ಅದು."

ಅಕ್ಕನ ಕಡೆ ಕೈ ಚಾಚಿದರು. ಕೊಟ್ರಮ್ಮನವರು ಎರಡೂ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡರು.

"ನನಗ ಕೊಡಬ್ಯಾಡ. ಅಮೀನ್ರಿಗೆ ಕೊಡು."

ನಾನು ಕೈ ಚಾಚಿದೆ. ಕೀಲಿಕೈ ನನ್ನ ಅಂಗೈಗೆ ಬಿತ್ತು. ತೂಕದ್ದು, ಬಿಸಿಯಾಗಿತ್ತು, ಒಳಗೆ ಕೂತು ಬಹಳ ಹೊತ್ತು ಹಿಡಿದುಕೊಂಡಿದ್ದರು ಅನ್ನಿಸುತ್ತದೆ. "ಕೋರ್ಟಿನ ಹುಕುಂ ಪ್ರಕಾರ" ಎಂದು ಹೇಳಿ ಅದನ್ನು ಕೊಟ್ರಮ್ಮನವರಿಗೆ ಕೊಟ್ಟೆ. ಆಗ ಅವರ ಕೈಗಳು ಹೊರಗೆ ಬಂದವು. ಎರಡು ಸುತ್ತಿಗೆ ಬೀಗ ಬಿಟ್ಟುಕೊಂಡಿತು.

ಆಕೆ ಒಳಗೆ ಹೋದರು. ನಾನು ಕಟ್ಟೆಯ ಅಂಚಿಗೆ ಕಾಗದವಿಟ್ಟು ವರದಿ ಬರೆದೆ. ದುರುಗಪ್ಪನ ಹೆಬ್ಬೆಟ್ಟು, ಖಾಜಾ ಸಾಬರ ಸಹಿ, ಪಂಚರಿಬ್ಬರ ಸಹಿ. ಸಿದ್ದಪ್ಪನವರ ಮುಂದೆ ಹಿಡಿದಾಗ ಅವರು ಪೆನ್ನು ಮುಟ್ಟಲಿಲ್ಲ.

"ನಾ ಓದಿದ್ದು ಬರದೀಯೇನು?"

"ಬರದೀನ್ರಿ. ಪ್ರತಿವಾದಿಯವರು ಸ್ವತಃ ಕಟ್ಟೆಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ, ಎರಡು ಬಾರಿ ಓದಿದರು."

"ಸ್ಪಷ್ಟವಾಗಿ ಅಂತ ಸೇರಸು."

ಸೇರಿಸಿದೆ. ಸಹಿ ಮಾಡಿದರು, ದೊಡ್ಡ ಅಕ್ಷರದಲ್ಲಿ. ಮಾಡಿ ಹೋಗಲಿಲ್ಲ. ತೆರೆದ ಬಾಗಿಲ ಮುಂದೆ ಬಂದು ನಿಂತರು. ಒಳಗೆ ಕೊಟ್ರಮ್ಮನವರು ಗೂಟಕ್ಕೆ ತಗುಲಿಸಿದ್ದ ಯಾವುದೋ ಹಳೆಯ ಕಂಬಳಿಯನ್ನು ಕೊಡವುತ್ತಿದ್ದರು. ಸಿದ್ದಪ್ಪನವರು ಹೊಸ್ತಿಲಿಗೆ ಕಾಲು ತಂದು, ಇಡದೆ, ಕೆಮ್ಮಿದರು.

"ಅಕ್ಕಾ, ಒಳಗ ಬರ್ಲೇನು?"

ಕಂಬಳಿ ಕೊಡವುವುದು ನಿಂತಿತು. ಸಾಕಷ್ಟು ಹೊತ್ತು ಕಾಯಿಸಿಯೇ ಆಕೆ ಉತ್ತರ ಕೊಟ್ಟರು.

"ಬಾ. ಚಪ್ಪಲಿ ಹೊರಗ ಬಿಡು."

ಬಿಟ್ಟರು. ನಾನು ವರದಿಯ ಕೆಳಗೆ ಸಮಯ ಬರೆದೆ, ಐದು ಗಂಟೆ ಐವತ್ತೆರಡು ನಿಮಿಷ, ಸೂರ್ಯಾಸ್ತಕ್ಕೆ ಮುಂಚೆ. ಸಹಿ ಹಾಕಿ, ಶಾಯಿ ಆರುವವರೆಗೆ ಊದಿ, ಮಡಿಸಿ ಚೀಲದಲ್ಲಿಟ್ಟೆ.